ನಾಲ್ಕು ಗಂಟೆಯ ಬೆರಳು

ಕೆಲಸ ಮುಗಿಸಿ ಮನೆಗೆ ಬಂದ ತಕ್ಷಣ ಅಮ್ಮ ನನ್ನ ಕೈ ಹಿಡಿದು ಮೂಸುತ್ತಿದ್ದಳು. "ಇವತ್ತು ಕಿತ್ತಳೆ" ಎನ್ನುತ್ತಿದ್ದಳು. ಇಲ್ಲದಿದ್ದರೆ, "ದ್ರಾಕ್ಷಿ. ಅದೂ ಹುಳಿ ದ್ರಾಕ್ಷಿ. ನಿಮ್ಮ ಮಾಲೀಕ ಯಾರಿಗೆ ಟೋಪಿ ಹಾಕಕ್ಕೆ ಹೊರಟಿದಾನೆ?" ಅವಳ ಊಹೆ ಒಂದು ದಿನವೂ ತಪ್ಪಿದ್ದಿಲ್ಲ. ಆಮೇಲೆ ನನ್ನ ಬೆನ್ನಿಗೆ ಕೈಹಚ್ಚಿ ನಲ್ಲಿಯ ಕಡೆಗೆ ತಳ್ಳುತ್ತಿದ್ದಳು. "ಹೋಗು, ತೊಳ್ಕೊ. ಇರುವೆಗಳು ಎತ್ಕೊಂಡು ಹೋಗ್ತವೆ ನಿನ್ನ."

ನಾನು ಕೆಲಸ ಮಾಡುವುದು ಹಣ್ಣಿನ ರಸದ ಅಂಗಡಿಯಲ್ಲಿ. ಮುಂದಿನ ಕಟ್ಟೆಯ ಬಳಿ ಅಲ್ಲ, ಹಿಂದಿನ ಕೋಣೆಯಲ್ಲಿ. ಅಲ್ಲಿ ಕೂತು ಹಣ್ಣು ಸುಲಿದು, ಬೀಜ ತೆಗೆದು, ಬಟ್ಟಲು ತುಂಬಿಸಿ ಸಣ್ಣ ಕಿಟಕಿಯಿಂದ ಮುಂದಕ್ಕೆ ತಳ್ಳಬೇಕು. ಯಾರ ಜೊತೆಗೂ ಮಾತಾಡಬೇಕಿಲ್ಲ. ಏಳನೇ ತರಗತಿಯಲ್ಲಿ ಎದ್ದು ನಿಂತು ಪಾಠ ಓದು ಎಂದಾಗ ಗಂಟಲು ಕಟ್ಟಿ, ಇಡೀ ತರಗತಿ ನಕ್ಕ ಮೇಲೆ ನಾನು ಶಾಲೆಗೆ ಹೋಗಲಿಲ್ಲ. ಅಮ್ಮ ಬೈದಳು, ಅತ್ತಳು, ಕೊನೆಗೆ ತಾನೇ ಹುಡುಕಿ ಈ ಕೆಲಸಕ್ಕೆ ಸೇರಿಸಿದಳು. ಮಾಲೀಕ ನನ್ನನ್ನು ಗುಬ್ಬಿ ಎಂದು ಕರೆಯುತ್ತಾನೆ. "ಗುಬ್ಬಿಯಾದ್ರೂ ಚಿಂವ್ ಅನ್ನತ್ತೆ, ಇದು ಅದೂ ಇಲ್ಲ" ಎಂದು ಗಿರಾಕಿಗಳ ಮುಂದೆ ನಗುತ್ತಾನೆ.

ಅಮ್ಮ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಹೊಟ್ಟೆನೋವು ಬಂದಾಗ ಗ್ಯಾಸು ಎಂದು ಮೂರು ದಿನ ಬಿಸಿನೀರು ಕುಡಿದುಕೊಂಡೇ ನಿಂತು ಕೆಲಸ ಮಾಡಿದಳು. ನಾಲ್ಕನೆಯ ದಿನ ಇಸ್ತ್ರಿ ಮೇಜಿನ ಮೇಲೆಯೇ ಕುಸಿದಳಂತೆ. ಕರುಳು ತೂತಾಗಿ ಹೊಟ್ಟೆ ತುಂಬ ಕೀವು ಆಗಿತ್ತು. ಆಪರೇಷನ್ ಆಯಿತು. ಆದರೆ ಕೀವಿನ ವಿಷ ರಕ್ತಕ್ಕೆ ಸೇರಿತ್ತು. ಬಾಯಿಗೆ ದಪ್ಪ ಕೊಳವೆ ಹಾಕಿ ಉಸಿರಿನ ಯಂತ್ರಕ್ಕೆ ಕಟ್ಟಿದರು. ಮೂಗಿನ ಸಣ್ಣ ನಳಿಕೆಯಲ್ಲಿ ಹಾಲಿನಂಥ ಆಹಾರ ಬಿಡುತ್ತಿದ್ದರು.

ಎರಡನೆಯ ದಿನ ಡಾಕ್ಟರು ನಮ್ಮನ್ನು ಐಸಿಯು ಹೊರಗಿನ ಬೆಂಚಿನ ಹತ್ತಿರ ನಿಲ್ಲಿಸಿ ಕೇಳಿದರು.

"ಇವರಿಗೆ ಎಷ್ಟು ವರ್ಷದಿಂದ ಶುಗರ್ ಇದೆ?"

"ಶುಗರಾ?" ದೊಡ್ಡಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅವಳು ಅಮ್ಮನ ಅಕ್ಕ. "ನಮ್ಮ ವಂಶದಲ್ಲೇ ಇಲ್ಲ ಡಾಕ್ಟ್ರೆ. ಕಾಫಿಗೆ ಒಂದು ಚಮಚ ಸಕ್ಕರೆ ಹಾಕೋಕೂ ಹಿಂದೆ ಮುಂದೆ ನೋಡೋಳು ಇವಳು." ತಕ್ಷಣ ನನ್ನ ಕಡೆ ತಿರುಗಿದಳು. "ನೀನೇನಾದ್ರೂ ಅಂಗಡಿಯಿಂದ ಜ್ಯೂಸ್ ತಂದು ಬಾಯಿಗೆ ಬಿಟ್ಯಾ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಬಾಯಿ ಬಿಟ್ಟು ಹೇಳೇ, ಮುತ್ತೇನೂ ಉದುರಲ್ಲ."

"ದೊಡ್ಡಮ್ಮ, ಬಾಯಲ್ಲಿ ಅಷ್ಟು ದಪ್ಪ ಪೈಪಿದೆ. ಎಲ್ಲಿಂದ ಬಿಡ್ತಾಳೆ?" ಎಂದ ಅಣ್ಣ. ಅವನು ಸರಕು ವ್ಯಾನ್ ಓಡಿಸುತ್ತಾನೆ. ಆ ವಾರವೆಲ್ಲ ಕಣ್ಣು ಕೆಂಪಾಗಿಯೇ ಇತ್ತು.

ಡಾಕ್ಟರು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡರು. "ಯಾರೂ ಏನೂ ತಿನ್ನಿಸಬೇಕಾಗಿಲ್ಲಮ್ಮ. ಸಕ್ಕರೆ ಕಾಯಿಲೆ ಇಲ್ಲದವರಿಗೂ ಇಂಥ ಹೊತ್ತಲ್ಲಿ ಏರುತ್ತೆ. ಮೈ ಗಾಬರಿ ಬಿದ್ದಿದೆ. ಕೂಡಿಟ್ಟ ಸಕ್ಕರೇನೆಲ್ಲ ಲಿವರ್ ರಕ್ತಕ್ಕೆ ಸುರೀತಿದೆ. ಅದನ್ನ ಮೈ ಒಳಗೆ ತಗೊಳ್ಳೋ ಹಾಗೆ ಮಾಡೋದು ಇನ್ಸುಲಿನ್. ಆದ್ರೆ ಈಗ ಇನ್ಸುಲಿನ್ ಮಾತು ಮೈ ಕೇಳ್ತಿಲ್ಲ. ಅದಕ್ಕೇ ಹೊರಗಿನಿಂದ ಪಂಪಲ್ಲಿ ಕೊಡ್ತಿದೀವಿ. ನೂರ ನಲವತ್ತರಿಂದ ನೂರ ಎಂಬತ್ತರ ಒಳಗೆ ಇರಬೇಕು. ಮೇಲೆ ಹೋದ್ರೆ ಗಾಯ ಮಾಗಲ್ಲ, ಕೀವು ಹೆಚ್ಚುತ್ತೆ. ತೀರಾ ಕೆಳಗೆ ಬಂದ್ರೆ..." ಅವರು ತಮ್ಮ ಹಣೆಯನ್ನು ಬೆರಳಿನಿಂದ ತಟ್ಟಿದರು. "ಮಿದುಳಿಗೆ ಅದೇ ಊಟ. ಅದಿಲ್ಲದೆ ಅರ್ಧ ಗಂಟೇನೂ ತಡೆಯಲ್ಲ."

ನನಗೆ ಅದು ಅಂಗಡಿಯಂತೆ ಕಂಡಿತು. ಗದ್ದಲ ಜಾಸ್ತಿಯಾಯಿತೆಂದು ಹಿಂದಿನ ಕೋಣೆಯವರು ಲೋಟಗಳನ್ನು ತುಂಬಿಸಿ ತುಂಬಿಸಿ ಕಳಿಸುತ್ತಿದ್ದಾರೆ. ಕಟ್ಟೆಯ ಮೇಲೆ ಲೋಟಗಳು ಸಾಲುಗಟ್ಟಿವೆ. ಹಂಚುವವನು ಕೂಗುತ್ತಿದ್ದಾನೆ. ಬಾಯಾರಿ ನಿಂತವರಲ್ಲಿ ಒಬ್ಬರೂ ಕೈಚಾಚುತ್ತಿಲ್ಲ.

ಒಳಗೆ ಬಿಡುತ್ತಿದ್ದುದು ಸಂಜೆ ನಾಲ್ಕಕ್ಕೆ ಒಬ್ಬರನ್ನು, ಹತ್ತೇ ನಿಮಿಷ. ಅಣ್ಣ ಒಮ್ಮೆ ಒಳಗೆ ಹೋಗಿ ಕೊಳವೆಗಳನ್ನು ನೋಡಿ ಗೋಡೆ ಹಿಡಿದುಕೊಂಡು ಹೊರಬಂದ. ದೊಡ್ಡಮ್ಮ ಒಳಗೆ ಹೋದರೆ ಗಟ್ಟಿಯಾಗಿ ಅಳುತ್ತಾಳೆಂದು ಸಿಸ್ಟರ್ ಬೇಡವೆಂದರು. ಹಾಗಾಗಿ ಆ ಹತ್ತು ನಿಮಿಷ ನನ್ನದಾಯಿತು. ಮೂರೂವರೆಗೆ ಅಂಗಡಿಯ ಬಕೆಟ್ಟಿನಲ್ಲಿ ಕೈ ಅದ್ದಿ, ಎಲ್ಲರೂ ಒರೆಸಿಕೊಳ್ಳುವ ಬಟ್ಟೆಗೆ ಒರೆಸಿ ಓಡುತ್ತಿದ್ದೆ. ಐಸಿಯು ಬಾಗಿಲಲ್ಲಿ ಸೆಕ್ಯೂರಿಟಿಯವನು ಗೋಡೆಯ ಬಾಟಲಿ ತೋರಿಸುತ್ತಿದ್ದ. "ಎರಡು ಸಲ ಒತ್ತು. ಚೆನ್ನಾಗಿ ಉಜ್ಜು. ಒಣಗೋವರೆಗೂ ಉಜ್ಜು." ಆಸ್ಪತ್ರೆಯ ವಾಸನೆಯ ಆ ತಣ್ಣನೆಯ ದ್ರವವನ್ನು ಮೊಣಕೈವರೆಗೂ ಉಜ್ಜಿಕೊಳ್ಳುತ್ತಿದ್ದೆ. ಒಂದು ಕ್ರಿಮಿಯೂ ಉಳಿಯಬಾರದು ಎಂದುಕೊಂಡು ಮೂರು ಸಲ ಒತ್ತುತ್ತಿದ್ದೆ.

ಒಳಗೆ ಹೋದ ಮೊದಲ ದಿನ ನಾನು ಮಂಚದ ಪಕ್ಕ ಸುಮ್ಮನೆ ನಿಂತಿದ್ದೆ. ಅಮ್ಮನ ಮುಖ ಊದಿಕೊಂಡು ಬೇರೆ ಯಾರದೋ ಆಗಿತ್ತು. ಉದ್ದನೆಯ ಸಿಸ್ಟರ್ ಒಬ್ಬರು ಸಕ್ಕರೆ ನೋಡುವ ಸಣ್ಣ ಯಂತ್ರ ಹಿಡಿದು ಬಂದರು. ಎರಡೆರಡು ಗಂಟೆಗೊಮ್ಮೆ ನೋಡುತ್ತಿದ್ದರು. ನಾಲ್ಕರ ಸರದಿ ನನ್ನ ಹತ್ತು ನಿಮಿಷದಲ್ಲೇ ಬರುತ್ತಿತ್ತು. ಅಮ್ಮನ ಬೆರಳಿಗೆ ಸ್ಪಿರಿಟ್ಟಿನ ಹತ್ತಿ ಒರೆಸಿ ಚುಚ್ಚಿದರು. ರಕ್ತ ಬರಲಿಲ್ಲ. ಇನ್ನೊಂದು ಬೆರಳು. ಅದರಲ್ಲೂ ಇಲ್ಲ.

"ಅಯ್ಯೋ, ಐಸ್ ಆಗಿದೆ ಕೈ," ಎಂದರು. ನನ್ನನ್ನು ನೋಡಿದರು. "ಏನಮ್ಮಾ, ಸುಮ್ನೆ ನಿಂತಿದೀಯಲ್ಲ. ಈ ಬೆರಳು ಸ್ವಲ್ಪ ತಿಕ್ಕಿ ಬಿಸಿ ಮಾಡ್ತೀಯಾ? ನಾನು ಅಷ್ಟರಲ್ಲಿ ಆ ಬೆಡ್ ನೋಡ್ಕೊಂಡು ಬರ್ತೀನಿ."

ನಾನು ಎಡಗೈಯ ಉಂಗುರದ ಬೆರಳನ್ನು ತೆಗೆದುಕೊಂಡೆ. ಇಸ್ತ್ರಿಯ ಬಿಸಿಗೆ ಬೆಂದು ಬೆಂದು ಆ ಬೆರಳ ತುದಿ ಒರಟಾಗಿತ್ತು. ಕಿತ್ತಳೆ ತೊಳೆಯ ತೆಳು ಸಿಪ್ಪೆ ಬಿಡಿಸುವಷ್ಟೇ ಮೆಲ್ಲಗೆ, ಬುಡದಿಂದ ತುದಿಗೆ, ಬುಡದಿಂದ ತುದಿಗೆ ತಿಕ್ಕಿದೆ. ನನ್ನ ಬಿಸಿ ಅವಳಿಗೆ ಹೋಗುತ್ತಿರುವುದು ಗೊತ್ತಾಗುತ್ತಿತ್ತು. ಸಿಸ್ಟರ್ ಬಂದು ಮತ್ತೆ ಹತ್ತಿ ಒರೆಸಿ ಚುಚ್ಚಿದರು. ಕೆಂಪನೆಯ ಹನಿಯೊಂದು ದುಂಡಗೆ ಎದ್ದು ನಿಂತಿತು.

"ನೋಡು, ನಿನ್ನ ಕೈಗೆ ಮಾತ್ರ ಕೊಡ್ತಾರೆ ನಿಮ್ಮಮ್ಮ," ಎಂದು ನಕ್ಕರು. "ದಿನಾ ಬಂದುಬಿಡು. ನನ್ನ ಕೆಲಸ ಹಗುರ ಆಗುತ್ತೆ."

ಆಸ್ಪತ್ರೆಯಲ್ಲಿ ಅಣ್ಣ ಔಷಧಿಗೆ ಓಡುತ್ತಿದ್ದ, ದೊಡ್ಡಮ್ಮ ಡಾಕ್ಟರ ಬಳಿ ಮಾತಾಡುತ್ತಿದ್ದಳು. ನನಗೂ ಒಂದು ಕೆಲಸ ಸಿಕ್ಕಿತು. ಮಾತು ಬೇಡದ ಕೆಲಸ. ಅದರ ಮರುದಿನದಿಂದ ಅಂಗಡಿಯಿಂದ ಆಸ್ಪತ್ರೆಯವರೆಗೆ ನಾನು ಓಡುತ್ತಿದ್ದುದು ಆ ಬೆರಳಿಗಾಗಿ. ಮುಂದೆ ಕೂತವರು ಏನೇ ಅಂದುಕೊಳ್ಳಲಿ, ಬಸ್ಸಿನಲ್ಲಿ ಕೈ ತಣ್ಣಗಾಗದಿರಲೆಂದು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದೆ.

ಮಂಚದ ಕಾಲಬುಡದಲ್ಲಿ ಒಂದು ಹಲಗೆ, ಅದಕ್ಕೆ ಸಿಕ್ಕಿಸಿದ ಹಾಳೆ. ಅದರಲ್ಲಿ ಎರಡೆರಡು ಗಂಟೆಯ ಸಕ್ಕರೆ ಬರೆದಿರುತ್ತಿತ್ತು. ಮಾತು ಬಾರದಿದ್ದರೂ ಅಂಕಿ ನನಗೆ ಬರುತ್ತದೆ. ಹನ್ನೆರಡಕ್ಕೆ ನೂರ ತೊಂಬತ್ತು. ಎರಡಕ್ಕೆ ನೂರ ಎಂಬತ್ತೆಂಟು. ನಾಲ್ಕಕ್ಕೆ ಮುನ್ನೂರ ಹನ್ನೆರಡು. ಪಂಪು ಏರಿಸುತ್ತಿದ್ದರು. ಆರಕ್ಕೆ ತೊಂಬತ್ತೆಂಟು. ಪಂಪು ಇಳಿಸುತ್ತಿದ್ದರು. ಮರುದಿನವೂ ಹಾಗೇ. ಅದರ ಮರುದಿನವೂ.

"ಸಂಜೆ ಆಗ್ತಿದ್ದ ಹಾಗೆ ಇವರಿಗೆ ಏನಾಗುತ್ತೆ?" ಎಂದು ಡಾಕ್ಟರು ಹಾಳೆ ನೋಡುತ್ತ ತಲೆ ಕೆರೆದುಕೊಂಡರು. "ಹೊಸ ಸೋಂಕು ಏನಾದ್ರೂ ಇದೆಯಾ?" ಔಷಧಿ ಬದಲಾಯಿಸಿದರು. ಅಣ್ಣ ಹೊಸ ಚೀಟಿ ಹಿಡಿದು ಓಡಿದ.

ನಾಲ್ಕರ ಅಂಕಿ ನೋಡಿದಾಗಲೆಲ್ಲ ನನಗೊಂದು ಹುಚ್ಚು ಯೋಚನೆ ಬರುತ್ತಿತ್ತು. ನಾನು ಬಂದಿರುವುದು ಅಮ್ಮನಿಗೆ ಗೊತ್ತಾಗುತ್ತದೆ, ಅವಳ ಮೈಯೆಲ್ಲ ಕಲಕಿ ಸಕ್ಕರೆ ಏರುತ್ತದೆ ಎಂದು. ಅದನ್ನು ಯೋಚಿಸಿ ನಾನು ಒಳಗೊಳಗೆ ಸಂತೋಷಪಟ್ಟೆ. ಇದನ್ನು ಈಗ ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಐದನೆಯ ದಿನ ಅಂಗಡಿಯ ಬೀದಿಯಲ್ಲಿ ಕೊಳವೆ ಒಡೆದು ನೀರು ಬರುವುದು ನಿಂತಿತು. ಮಾಲೀಕ ಬಾಗಿಲು ಹಾಕಿದ. ನಾನು ಮನೆಯಿಂದ ಸ್ನಾನ ಮಾಡಿಕೊಂಡು ನೇರ ಆಸ್ಪತ್ರೆಗೆ ಬಂದೆ. ಬೆರಳು ತಿಕ್ಕಿದೆ. ಸಿಸ್ಟರ್ ಚುಚ್ಚಿದರು. ನೂರ ಎಪ್ಪತ್ತೊಂಬತ್ತು.

"ಅಬ್ಬಾ!" ಎಂದರು. "ಇವತ್ತು ನಿಮ್ಮಮ್ಮ ಮಾತು ಕೇಳಿದ್ರು ನೋಡು."

ಡಾಕ್ಟರು ಅಣ್ಣನ ಭುಜ ತಟ್ಟಿದರು. ಜ್ವರವೂ ಇಳಿದಿದೆ, ಹೀಗೇ ಇದ್ದರೆ ನಾಡಿದ್ದು ನಿದ್ದೆಯ ಔಷಧಿ ಕಡಿಮೆ ಮಾಡಿ ಎಬ್ಬಿಸಿ ನೋಡೋಣ ಎಂದರು. ದೊಡ್ಡಮ್ಮ ಅಂದು ಮೊದಲ ಸಲ ನನಗೆ ಒಳ್ಳೆಯ ಮಾತಾಡಿದಳು. "ಎದ್ದ ಮೇಲೆ ಇವಳಿಗೆ ನಾಲ್ಕು ಬಿಡಬೇಕು ನಾನು. ಮೂರು ದಿನ ಹೊಟ್ಟೆನೋವು ಮುಚ್ಚಿಟ್ಟಿದಾಳೆ ಕಳ್ಳಿ. ನೀನು ಅಡ್ಡ ಬರಬೇಡ, ತಿಳೀತಾ?" ನಾನು ನಕ್ಕೆ. ಮೂವರೂ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿದೆವು.

ಆರನೆಯ ದಿನ ಅಂಗಡಿ ತೆರೆಯಿತು. ಎರಡು ದಿನದ ಹಣ್ಣು ಒಟ್ಟಿಗೆ ಬಂದಿತ್ತು. ನೀರು ಇನ್ನೂ ಸರಿಯಾಗಿ ಬಂದಿರಲಿಲ್ಲ. ಬಕೆಟ್ಟಿನ ತಳದಲ್ಲಿ ಸಿಪ್ಪೆ ತೇಲುತ್ತಿತ್ತು. ಮೂರೂವರೆವರೆಗೂ ದ್ರಾಕ್ಷಿ ಬಿಡಿಸಿ, ಬಟ್ಟೆಗೆ ಕೈ ಒರೆಸಿಕೊಂಡು ಓಡಿದೆ. ಬಾಟಲಿಯನ್ನು ಮೂರು ಸಲ ಒತ್ತಿ ಉಜ್ಜಿಕೊಂಡೆ. ಬೆರಳು ಹಿಡಿದು ತಿಕ್ಕಿದೆ. ನಾಳೆ ಎದ್ದರೆ ಮೊದಲು ಯಾವ ಮಾತಾಡುತ್ತಾಳೆ ಎಂದುಕೊಳ್ಳುತ್ತ ಬಹಳ ಹೊತ್ತು ತಿಕ್ಕಿದೆ.

ಮುನ್ನೂರ ನಲವತ್ತೊಂದು.

ಸಿಸ್ಟರ್ ಹುಬ್ಬು ಗಂಟಿಕ್ಕಿದರು. ಅದೇ ಬೆರಳನ್ನು ಒತ್ತಿ ಇನ್ನೊಂದು ಹನಿ ತೆಗೆದರು. ಮುನ್ನೂರ ಮೂವತ್ತಾರು. ಡಾಕ್ಟರು ಬಂದರು. ಅವರ ಮುಖದಲ್ಲಿ ಹಿಂದಿನ ದಿನದ್ದೇನೂ ಉಳಿದಿರಲಿಲ್ಲ.

"ಮಧ್ಯಾಹ್ನದಿಂದ ಫೀಡ್ ನಿಲ್ಲಿಸಿದೀವಿ, ಹೊಟ್ಟೆ ಅರಗಿಸ್ತಿಲ್ಲ ಅಂತ. ಊಟಾನೇ ಇಲ್ಲದೆ ಇಷ್ಟು ಏರಿದೆ ಅಂದ್ರೆ ಒಳಗೆ ಎಲ್ಲೋ ಮತ್ತೆ ಕೀವು ಕಟ್ಟಿದೆ," ಎಂದರು. "ಈಗಲೇ ಒಂದು ಡೋಸ್ ಕೊಡಿ. ಪಂಪು ಡಬಲ್ ಮಾಡಿ."

ಹತ್ತು ನಿಮಿಷ ಮುಗಿದಿತ್ತು. ನಾನು ಹೊರಗೆ ಬಂದು ಬೆಂಚಿನಲ್ಲಿ ಕೂತೆ. ಅಣ್ಣನಾಗಲಿ ದೊಡ್ಡಮ್ಮನಾಗಲಿ ಇನ್ನೂ ಬಂದಿರಲಿಲ್ಲ. ಕೈಗಳನ್ನು ತೊಡೆಯ ಮೇಲೆ ಮೇಲುಮುಖವಾಗಿ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬೆರಳ ಸಂದಿಯಲ್ಲಿ ಕಚಗುಳಿಯಾಯಿತು.

ಇರುವೆ. ಒಂದಲ್ಲ, ನಾಲ್ಕೈದು. ಬೆಂಚಿನ ಬಿರುಕಿನಿಂದ ಹೊರಟು, ನನ್ನ ಬಟ್ಟೆಯ ಅಂಚಿನ ಮೇಲೆ ಸಾಲಾಗಿ ಬಂದು, ಹೆಬ್ಬೆರಳ ತುದಿಯಲ್ಲಿ ಮುಖ ಇಟ್ಟುಕೊಂಡು ನಿಂತಿದ್ದವು. ಮೂರು ಸಲ ಒತ್ತಿ ಉಜ್ಜಿಕೊಂಡ ಕೈಯ ಮೇಲೆ.

ನಾನು ಹೆಬ್ಬೆರಳಿಗೆ ತೋರುಬೆರಳನ್ನು ಒತ್ತಿ ಬಿಟ್ಟೆ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಆಮೇಲೆ ಬಿಟ್ಟವು. ನಾಲಿಗೆಗೆ ಹಚ್ಚಿ ನೋಡಿದೆ. ಔಷಧಿಯ ಕಹಿ. ಅದರ ಕೆಳಗೆ ದ್ರಾಕ್ಷಿ.

ಹಾಳೆಯ ಅಂಕಿಗಳೆಲ್ಲ ಕಣ್ಣ ಮುಂದೆ ಬಂದವು. ಸ್ನಾನ ಮಾಡಿ ಬಂದ ದಿನ ನೂರ ಎಪ್ಪತ್ತೊಂಬತ್ತು. ಉಳಿದ ದಿನವೆಲ್ಲ ಮುನ್ನೂರು. ಆ ಯಂತ್ರ ಅಳೆದದ್ದು ಅಮ್ಮನ ರಕ್ತವನ್ನು ಮಾತ್ರ ಅಲ್ಲ, ನನ್ನ ಕೈಯನ್ನೂ.

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು.

ನಾನು ಎದ್ದು ಬಾಗಿಲಿಗೆ ಹೋದೆ. "ಟೈಮ್ ಆಯ್ತಮ್ಮ, ಇನ್ನು ನಾಳೆ," ಎಂದ ಸೆಕ್ಯೂರಿಟಿಯವನು. ನಾನು ಬಾಯಿ ತೆರೆದೆ. ಹೇಳಬೇಕಾದದ್ದು ಎರಡು ಮಾತು: ಕೈ ಅಂಟು, ಸಕ್ಕರೆ ಸುಳ್ಳು. ಏಳನೇ ತರಗತಿಯ ಗಂಟಲೇ ಬಂತು. "ಸಿಸ್ಟರ್..." ಎಂದೆ. "ಸಿಸ್ಟರ್ ಬಿಜಿ ಇದಾರೆ. ಹೊಸ ಪೇಶೆಂಟು ಬಂದಿದೆ. ಹೋಗಿ ಕೂತ್ಕೋ, ಕರೀತಾರೆ."

ಗಾಜಿನಾಚೆ ಆ ಉದ್ದನೆಯ ಸಿಸ್ಟರ್ ಓಡಾಡುತ್ತಿದ್ದರು. ಒಮ್ಮೆ ಬಾಗಿಲವರೆಗೂ ಬಂದರು. ನಾನು ಅವರ ತೋಳು ಹಿಡಿದೆ.

"ಸಿಸ್ಟರ್, ನನ್ನ ಕೈ..."

"ಕೈಗೇನಾಯ್ತು? ನೋವಾ? ಕೆಳಗೆ ಹೊರರೋಗಿ ವಿಭಾಗ ಇದೆ, ಅಲ್ಲಿ ತೋರಿಸು ಪುಟ್ಟಾ. ಒಳಗೆ ಒಬ್ಬರದು ಹೃದಯ ನಿಂತಿದೆ, ಬಿಡು." ತೋಳು ಬಿಡಿಸಿಕೊಂಡು ಓಡಿದರು.

ಕೂಗಬೇಕಿತ್ತು. ಬಾಗಿಲು ಬಡಿಯಬೇಕಿತ್ತು. ದೊಡ್ಡಮ್ಮನಾಗಿದ್ದರೆ ಆಸ್ಪತ್ರೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದಳು. ನಾನು ಬೆಂಚಿಗೆ ಹಿಂತಿರುಗಿದೆ. ಅಣ್ಣ ಬರಲಿ, ಅಣ್ಣನ ಕಿವಿಯಲ್ಲಿ ಹೇಳುತ್ತೇನೆ, ಅವನು ಹೇಳುತ್ತಾನೆ ಎಂದುಕೊಂಡೆ. ಬೇರೆಯವರಿಗೆ ತಿಳಿಯದ್ದು ನನಗೆ ತಿಳಿದಿರುತ್ತದೆಯೇ, ಇಷ್ಟು ದೊಡ್ಡ ಡಾಕ್ಟರಿಗೆ ಗೊತ್ತಿರುವುದಿಲ್ಲವೇ ಎಂದೂ ಅಂದುಕೊಂಡೆ. ಗಡಿಯಾರ ನೋಡುತ್ತ ಕೂತೆ. ಐದಾಯಿತು. ಅಣ್ಣನ ವ್ಯಾನು ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಐದೂ ಇಪ್ಪತ್ತು. ಬೆಂಚಿನ ಇರುವೆಗಳು ಇನ್ನೂ ಬರುತ್ತಿದ್ದವು. ನಾನು ಅವನ್ನು ಒರೆಸಲಿಲ್ಲ.

ಐದೂಮುಕ್ಕಾಲಿಗೆ ಒಳಗೆ ಯಾರೋ ಕೂಗಿದರು. ಅಮ್ಮನ ಮಂಚದ ಸುತ್ತ ಪರದೆ ಎಳೆದರು. ಪರದೆಯ ಕೆಳಗೆ ಕಾಲುಗಳು ಓಡಾಡುತ್ತಿದ್ದವು, ಮಂಚದ ಗಾಲಿ ಗಡಗಡ ನಡುಗುತ್ತಿತ್ತು. ಅಮ್ಮನಿಗೆ ಫಿಟ್ಸ್ ಬಂದಿತ್ತು. ರಕ್ತನಾಳದಿಂದಲೇ ತೆಗೆದು ನೋಡಿದಾಗ ಸಕ್ಕರೆ ಇಪ್ಪತ್ತೆಂಟು. ಮೇಲಿಂದ ಮೇಲೆ ಗ್ಲೂಕೋಸ್ ಕೊಟ್ಟರು. ನಡುಕ ನಿಂತಿತು. ಎಷ್ಟು ಹೊತ್ತಿನಿಂದ ಹಾಗೆ ಇಳಿದಿತ್ತೋ ಯಾರಿಗೂ ಗೊತ್ತಿರಲಿಲ್ಲ. ನಿದ್ದೆಯ ಔಷಧಿಯಲ್ಲಿದ್ದವಳು ಬೆವರಿದ್ದನ್ನೂ ಯಾರೂ ನೋಡಿರಲಿಲ್ಲ.

ಸಿಸ್ಟರ್ ಹೊರಗೆ ಬಂದಾಗ ನನ್ನ ಬಾಯಿಂದ ಮಾತು ತಾನಾಗಿ ಬಂತು. ಎಲ್ಲವೂ ಬಂತು. ಅಂಗಡಿ, ದ್ರಾಕ್ಷಿ, ಬಕೆಟ್ಟು, ಬಾಟಲಿ, ಇರುವೆ. ನಾನು ಅಷ್ಟು ಮಾತಾಡಿದ್ದು ಜೀವನದಲ್ಲೇ ಮೊದಲು. ಸಿಸ್ಟರ್ ನನ್ನ ಕೈಯನ್ನು ಹಿಡಿದು ಮುಟ್ಟಿ ನೋಡಿದರು. ಮುಚ್ಚಿಡಬಹುದಿತ್ತು, ಅವರು ಮುಚ್ಚಿಡಲಿಲ್ಲ. ನನ್ನನ್ನು ಕರೆದುಕೊಂಡು ನೇರ ಡಾಕ್ಟರ ಬಳಿಗೆ ಹೋದರು.

"ತಿಕ್ಕು ಅಂದಿದ್ದು ನಾನು ಸರ್," ಎಂದರು. "ಹತ್ತಿಯಲ್ಲಿ ಒರೆಸಿದೀನಿ ಅಂತ ಧೈರ್ಯವಾಗಿದ್ದೆ. ನೀರಲ್ಲಿ ತೊಳೀಲಿಲ್ಲ."

ಡಾಕ್ಟರು ಬಹಳ ಹೊತ್ತು ಹಾಳೆ ನೋಡಿದರು. ನಾಲ್ಕರ ಅಂಕಿಗಳ ಮೇಲೆ ಒಂದೊಂದಾಗಿ ಪೆನ್ನಿನ ತುದಿ ಇಟ್ಟು ದಾಟಿದರು. ನನ್ನನ್ನು ಕೇಳಿದರು.

"ನಿನಗೆ ಇದು ಯಾವಾಗ ಹೊಳೀತು?"

"ನಾಲ್ಕೂ ಇಪ್ಪತ್ತಕ್ಕೆ."

"ಆಗಲೇ ಹೇಳಿದ್ರೆ..." ಎಂದರು. ಅರ್ಧಕ್ಕೆ ನಿಲ್ಲಿಸಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಾನೂ ಇನ್ನೊಂದು ಕಡೆಯಿಂದ ರಕ್ತ ತೆಗೆದು ನೋಡಬೇಕಿತ್ತು. ಹೋಗಮ್ಮ. ಕೂತ್ಕೋ."

ಅಣ್ಣನಿಗೆ ಮೆಟ್ಟಿಲ ಬಳಿ ನಾನೇ ಹೇಳಿದೆ. ಅವನು ಕೈಕಂಬಿ ಹಿಡಿದು ನಿಂತು ಕೇಳಿದ. "ದೊಡ್ಡಮ್ಮನಿಗೆ ಹೇಳ್ಬೇಡ," ಎಂದಷ್ಟೇ ಹೇಳಿದ. ಬೈಯಲಿಲ್ಲ. ಅಂದಿನಿಂದ ಅವನು ಬೆಂಚಿನ ಆ ತುದಿಯಲ್ಲಿ ಕೂರುತ್ತಾನೆ. ದೊಡ್ಡಮ್ಮ ನಮ್ಮಿಬ್ಬರ ನಡುವೆ ಕೂತು, "ಮೊದಲು ಜಾಸ್ತಿ ಅಂದ್ರು, ಈಗ ಕಮ್ಮಿ ಅಂತಾರೆ. ಇವರಿಗೇ ಗೊತ್ತಿಲ್ಲ ಕಣೋ," ಎನ್ನುತ್ತಾಳೆ. ನಾವಿಬ್ಬರೂ ಗೋಡೆ ನೋಡುತ್ತೇವೆ.

ನಿದ್ದೆಯ ಔಷಧಿ ನಿಲ್ಲಿಸಿ ಇಂದಿಗೆ ಎಂಟು ದಿನ. ಹೊಟ್ಟೆಯ ಗಾಯ ಮಾಗುತ್ತಿದೆ. ಒಳಗೆ ಎಲ್ಲೂ ಹೊಸ ಕೀವು ಇರಲಿಲ್ಲ. ಜ್ವರವಿಲ್ಲ. ಸಕ್ಕರೆ ನೂರ ಐವತ್ತರ ಆಸುಪಾಸಿನಲ್ಲೇ ಇದೆ, ಈಗ ಪಂಪೂ ಬೇಡವಾಗಿದೆ. ಅಮ್ಮನ ಮೈ ಮಾತು ಕೇಳಲು ಶುರುಮಾಡಿದೆ. ಅಮ್ಮ ಮಾತ್ರ ಕಣ್ಣು ತೆರೆದಿಲ್ಲ. ನೋವು ಮಾಡಿದರೂ ಕೈ ಎಳೆದುಕೊಳ್ಳುವುದಿಲ್ಲ. ಮಿದುಳು ಸೋತಿದೆ, ಇನ್ನು ಕಾಯುವುದರಿಂದ ಏನೂ ಬದಲಾಗದು ಎಂದು ಡಾಕ್ಟರು ನಿನ್ನೆ ಅಣ್ಣನಿಗೆ ಹೇಳಿದರು.

ನಾನು ಅಂಗಡಿಗೆ ಹೋಗುತ್ತಿಲ್ಲ. ಆದರೂ ನಾಲ್ಕಕ್ಕೆ ಮೊದಲು ಮಹಡಿಯ ಕೊನೆಯ ನಲ್ಲಿಗೆ ಹೋಗಿ ಸೋಪು ಹಾಕಿ ಮೂರು ಸಲ ತೊಳೆಯುತ್ತೇನೆ. ಉಗುರಿನ ಒಳಗೆ, ಬೆರಳ ಸಂದಿ, ಮಣಿಕಟ್ಟು. ಚರ್ಮ ಬಿರಿದಿದೆ. ಒಳಗೆ ಹೋಗಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ.

ಇವತ್ತು ಸಿಸ್ಟರ್ ಅಮ್ಮನ ಎಡಗೈಯನ್ನು ಎತ್ತಿ ನನ್ನ ಕಡೆ ಚಾಚಿದರು. ಉಂಗುರದ ಬೆರಳ ತುದಿಯಲ್ಲಿ ಕಪ್ಪು ಚುಕ್ಕಿಗಳು ಒತ್ತೊತ್ತಾಗಿದ್ದವು. "ಹಿಡ್ಕೊ," ಎಂದರು. "ಇನ್ನು ಪರೀಕ್ಷೆ ಏನಿಲ್ಲ. ಸುಮ್ನೆ ಹಿಡ್ಕೊ."

ನನಗೆ ಹಿಡಿಯಲಾಗಲಿಲ್ಲ. ಮಂಚದ ಮೇಲೆ ಬಗ್ಗಿ, ನನ್ನ ಅಂಗೈಯನ್ನು ಅಮ್ಮನ ಮೂಗಿನ ಹತ್ತಿರ ಹಿಡಿದೆ.

"ತೊಳ್ಕೊಂಡೆ ಅಮ್ಮ," ಎಂದೆ.

ಯಂತ್ರ ಅವಳ ಎದೆಯನ್ನು ಎತ್ತಿತು, ಇಳಿಸಿತು. ನಾನು ಕೈ ತೆಗೆಯದೆ ಹತ್ತು ನಿಮಿಷವೂ ಹಾಗೇ ನಿಂತಿದ್ದೆ.